ಗುಳೆ ಹೊರಟ ಕುಟುಂಬ, ಕೂಸು ಕಾಯುವ ಅಕ್ಕೋರು

ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ



ಕ್ರಿಸ್ತ ಜಯಂತಿಯ ಸಡಗರ ಇನ್ನೂ ಮುಗಿದಿಲ್ಲ. ನಮ್ಮ ಮನೆಗಳ ಮುಂದೆ ನಕ್ಷತ್ರಗಳು ಬೆಳಗುತ್ತಲೇ ಇವೆ. ಹಬ್ಬಕ್ಕೆಂದು ಮಾಡಿದ ತಿಂಡಿಯ ಡಬ್ಬಿಗಳು ಇನ್ನೂ ಬರಿದಾಗಿಲ್ಲ. ಗೋದಲಿಯಲ್ಲಿ ಬಾಲಯೇಸು ಕೈಚಾಚಿ ಮಲಗಿದ್ದಾರೆ. ಇಂಥ ಸಂತೋಷದ ನಡುವೆಯೇ ಧರ್ಮಸಭೆ ನಮ್ಮ ಮುಂದೆ ಒಂದು ನೋವಿನ ಚಿತ್ರವನ್ನು ತಂದು ನಿಲ್ಲಿಸುತ್ತದೆ. ನಡುರಾತ್ರಿಯ ಹೊತ್ತು. ಕನಸಿನಲ್ಲಿ ಎಚ್ಚರಿಕೆ ಪಡೆದ ಸಂತ ಜೋಸೆಫರು ತಡಬಡಿಸಿ ಏಳುತ್ತಾರೆ. ಮಲಗಿದ್ದ ಕೂಸನ್ನೂ ಅದರ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿನ ದಾರಿ ಹಿಡಿಯುತ್ತಾರೆ. ಹಿಂದೆ ಹೆರೋದನ ಕತ್ತಿ, ಮುಂದೆ ಗೊತ್ತಿಲ್ಲದ ನಾಡು, ಕೈಯಲ್ಲಿ ಹಾಲು ಕುಡಿಯುವ ಮಗು.

ಪವಿತ್ರ ಕುಟುಂಬವೆಂದ ಕೂಡಲೇ ನಮಗೆ ನೆನಪಾಗುವುದು ಗೋಡೆಯ ಮೇಲಿನ ಅಂದವಾದ ಚಿತ್ರಪಟ. ತಲೆಯ ಸುತ್ತ ಪ್ರಭಾವಳಿ, ಮುಖದಲ್ಲಿ ಶಾಂತಿ, ಮೈಮೇಲೆ ಮಡಿ ಬಟ್ಟೆ. ಆದರೆ ಶುಭಸಂದೇಶ ತೋರಿಸುವ ಕುಟುಂಬ ಬೇರೆಯೇ. ಹೆರಿಗೆಗೆ ಜಾಗ ಸಿಗದ ಕುಟುಂಬ ಅದು. ಮಗುವನ್ನು ದೇವಾಲಯದಲ್ಲಿ ಸಮರ್ಪಿಸಲು ಹೋದಾಗ ಕುರಿಮರಿಯನ್ನು ಕೊಡುವ ಶಕ್ತಿಯಿಲ್ಲದೆ, ಬಡವರಿಗೆಂದು ಧರ್ಮಶಾಸ್ತ್ರ ಗೊತ್ತುಮಾಡಿದ ಜೋಡಿ ಹಕ್ಕಿಗಳ ಕಾಣಿಕೆಯನ್ನು ಕೊಟ್ಟ ಕುಟುಂಬ ಅದು. ಕೊನೆಗೆ ಇದ್ದ ಊರನ್ನೂ ಬಿಟ್ಟು ಓಡಬೇಕಾಯಿತು. ಇಂದಿನ ಸರ್ಕಾರಿ ಕಡತದ ಮಾತಿನಲ್ಲಿ ಹೇಳುವುದಾದರೆ ಅದು ‘ದುರ್ಬಲ ಕುಟುಂಬ’. ದೇವಪುತ್ರರು ಬಂದು ಸೇರಿಕೊಂಡದ್ದು ಅಂಥ ಕುಟುಂಬವನ್ನು.

ಪ್ರಿಯರೇ, ಈ ಹಬ್ಬದಂದು ನಾವು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ಈಜಿಪ್ಟಿಗೆ ಹೋದ ಮೇಲೆ ಅವರನ್ನು ನೋಡಿಕೊಂಡವರು ಯಾರು? ಭಾಷೆ ಬೇರೆ, ಜನ ಬೇರೆ. ಮಗುವಿಗೆ ಜ್ವರ ಬಂದ ರಾತ್ರಿ ಮರಿಯಮ್ಮನವರು ಯಾರ ಮನೆಯ ಬಾಗಿಲು ತಟ್ಟಿದರು? ನೀರು ಸೇದುವ ಬಾವಿಯನ್ನು ತೋರಿಸಿದವರು ಯಾರು? ಸಂತ ಮತ್ತಾಯರು ಇದನ್ನು ಬರೆದಿಲ್ಲ. ಆದರೂ ಒಂದು ಮಾತು ನಿಶ್ಚಯ. ಎಳೆಯ ಕೂಸಿರುವ ಪರದೇಶಿ ಕುಟುಂಬವೊಂದು ಯಾರ ನೆರವೂ ಇಲ್ಲದೆ ಬದುಕುವುದು ಕಷ್ಟ. ಯಾರೋ ಒಬ್ಬ ತಾಯಿ, ಯಾರೋ ಒಬ್ಬ ಅಕ್ಕ, ಆ ಮನೆಯೊಳಗೆ ಇಣುಕಿ ನೋಡಿ ‘ಕೂಸು ಹೇಗಿದೆ?’ ಎಂದು ಕೇಳಿರಲೇಬೇಕು.

ಆ ನೆರೆಯವರ ಹೆಸರು ನಮಗೆ ತಿಳಿಯದು. ಆದರೆ ಅದೇ ಈಜಿಪ್ಟಿನಲ್ಲಿ, ಮೋಶೆಯ ಕಾಲದಲ್ಲಿ, ಇಂಥ ಕೆಲಸ ಮಾಡಿದ ಇಬ್ಬರ ಹೆಸರನ್ನು ಪವಿತ್ರ ಗ್ರಂಥ ಜೋಪಾನವಾಗಿ ಉಳಿಸಿದೆ. ವಿಮೋಚನಾಕಾಂಡದ ಮೊದಲ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ಹುಟ್ಟಿದ ಗಂಡುಕೂಸುಗಳನ್ನು ಕೊಲ್ಲಬೇಕೆಂದು ಫರೋಹನು ಅಪ್ಪಣೆ ಮಾಡಿದಾಗ ಅದನ್ನು ಮೀರಿದವರು ಶಿಫ್ರಾ ಮತ್ತು ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು. ವಿಚಾರ ಮಾಡಿ ನೋಡಿ. ಅಷ್ಟು ದೊಡ್ಡ ಸಾಮ್ರಾಜ್ಯವನ್ನಾಳಿದ ಆ ಫರೋಹನ ಹೆಸರೇನೆಂದು ಆ ಅಧ್ಯಾಯ ಹೇಳುವುದೇ ಇಲ್ಲ. ಮನೆಮನೆಗೆ ಹೋಗಿ ಕೂಸು ಕಾಪಾಡಿದ ಇಬ್ಬರು ದುಡಿಯುವ ಹೆಂಗಸರ ಹೆಸರನ್ನು ಮಾತ್ರ ಹೇಳುತ್ತದೆ. ದೇವರ ಲೆಕ್ಕದ ಪುಸ್ತಕದಲ್ಲಿ ಯಾರ ಹೆಸರು ಮೊದಲು ಬರುತ್ತದೆಂದು ತಿಳಿಯಲು ಇದೊಂದು ಸಾಕು.

ಈಗ ನಮ್ಮ ನಾಡಿಗೆ ಬರೋಣ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಬೋನಾಳವೆಂಬ ಊರಿದೆ. ಅಲ್ಲಿಯ ದೊಡ್ಡ ಕೆರೆ ಸುರಪುರದ ನಾಯಕ ಅರಸರ ಕಾಲದ್ದು. ಇಂದು ಅದು ಪಕ್ಷಿಧಾಮ. ಚಳಿಗಾಲ ಬಂತೆಂದರೆ ಹಿಮಾಲಯದ ಆಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಹಾರಿಬಂದು ಆ ನೀರಿಗೆ ಇಳಿಯುತ್ತವೆ. ಈ ಹಕ್ಕಿಗಳಲ್ಲಿ ಒಂದು ವಿಶೇಷವಿದೆ. ಆ ವರ್ಷ ಹುಟ್ಟಿದ ಮರಿಗಳು ತಂದೆತಾಯಿಯ ಜೊತೆಯಲ್ಲೇ ಹಾರಿಬಂದು ಮೊದಲ ಚಳಿಗಾಲವನ್ನು ಅವುಗಳ ಹತ್ತಿರವೇ ಕಳೆಯುತ್ತವೆ. ಸಾವಿರಾರು ಮೈಲಿಯ ದಾರಿಯಲ್ಲಿ ಮರಿ ಒಂಟಿಯಾಗದು.

ಹಕ್ಕಿಗಳು ಸಂಸಾರ ಸಮೇತ ಬಂದಿಳಿಯುವ ಈ ತಿಂಗಳುಗಳಲ್ಲಿಯೇ ಈ ಸೀಮೆಯ ಹಳ್ಳಿಗಳಿಂದ ಎಷ್ಟೋ ಮನುಷ್ಯರ ಸಂಸಾರಗಳು ಗುಳೆ ಹೊರಡುತ್ತವೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆ ನೀರು ಹರಿದು ಸುರಪುರ, ಶಹಾಪುರದ ಎಷ್ಟೋ ಹೊಲಗಳು ಹಸಿರಾಗಿವೆ, ನಿಜ. ಆದರೆ ಹೊಲವೇ ಇಲ್ಲದವನಿಗೆ ಕಾಲುವೆಯಿಂದೇನು? ಮಳೆಯನ್ನೇ ನಂಬಿದ ಒಣಭೂಮಿಯವನಿಗೆ ತೊಗರಿ ಕೈಕೊಟ್ಟರೆ ಮುಂದೇನು? ಹತ್ತಿ ಬಿಡಿಸುವ ಕೂಲಿ ಮುಗಿದ ಮೇಲೆ ಒಲೆ ಉರಿಯುವುದು ಹೇಗೆ? ಹೀಗೆ ಬೆಂಗಳೂರು, ಪುಣೆ, ಮುಂಬಯಿ, ಗೋವೆಯ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಬೆಳೆದ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟಾರು, ಮೊಲೆಹಾಲು ಕುಡಿಯುವ ಕೂಸನ್ನು ಬಿಡಲಾದೀತೇ?

ಈ ಕೂಸುಗಳನ್ನು ಕಾಯುವವರು ಯಾರು? ಪ್ರಿಯರೇ, ಇಂದು ನಾವು ಮಾತನಾಡಬೇಕೆಂದಿರುವುದು ಅವರ ಬಗ್ಗೆಯೇ. ಹಳ್ಳಿಯ ಜನ ಅವರನ್ನು ‘ಟೀಚರ್’ ಅನ್ನುತ್ತಾರೆ, ‘ಅಕ್ಕೋರು’ ಅನ್ನುತ್ತಾರೆ. ಸರ್ಕಾರದ ಭಾಷೆಯಲ್ಲಿ ಅವರು ಅಂಗನವಾಡಿ ಕಾರ್ಯಕರ್ತೆ. ಅವರ ಜೊತೆಗೆ ಒಬ್ಬ ಸಹಾಯಕಿ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಗಾಂಧೀಜಿಯವರ ಜನ್ಮದಿನದಂದು. ಇಡೀ ದೇಶದಲ್ಲಿ ಕೇವಲ 33 ಕಡೆ ಅದನ್ನು ಪ್ರಯೋಗಕ್ಕೆ ತಂದರು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. 2025ಕ್ಕೆ ಆ ಯೋಜನೆಗೆ ಐವತ್ತು ವರ್ಷ ತುಂಬಿತು. ಇಂದು ನಮ್ಮ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಗರ್ಭಿಣಿಯರು, ಬಾಣಂತಿಯರು, 6 ತಿಂಗಳಿನಿಂದ 6 ವರ್ಷದವರೆಗಿನ ಮಕ್ಕಳು, ಇವರೆಲ್ಲ ಅಲ್ಲಿಯ ಪುಸ್ತಕದಲ್ಲಿ ಸೇರಿರುತ್ತಾರೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆಯ ಮಗುವನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ ಹೇಳುವುದು: ಹೀಗೆ ಆರು ಸೇವೆಗಳು. ಚುಚ್ಚುಮದ್ದು ಹಾಕಲು, ತಪಾಸಣೆ ಮಾಡಲು ಆರೋಗ್ಯ ಇಲಾಖೆಯವರು ಬರುತ್ತಾರೆ. ಆದರೆ ಯಾವ ಮನೆಯಲ್ಲಿ ಯಾವ ಮಗುವಿದೆ, ಅದಕ್ಕೆ ಎಷ್ಟು ತಿಂಗಳು ಎಂದು ಹೇಳಿ ಕೂಡಿಸಿಕೊಡುವವರು ಅಕ್ಕೋರೇ.

‘ಅಂಗನವಾಡಿಯಲ್ಲಿ ಏನಿದೆ, ಮಕ್ಕಳನ್ನು ಕೂಡಿಸಿಕೊಂಡು ಉಪ್ಪಿಟ್ಟು ಬಡಿಸುವುದು ತಾನೇ?’ ಎನ್ನುವವರೂ ಉಂಟು. ಅವರ ಒಂದು ದಿನವನ್ನು ನೆನೆಯೋಣ. ಬೆಳಗ್ಗೆ ಬಂದು ಬಾಗಿಲು ತೆರೆಯಬೇಕು. ಬಾರದ ಮಗುವಿನ ಮನೆಗೆ ಹೋಗಿ ‘ಯವ್ವಾ, ಕೂಸು ಯಾಕ ಬಂದಿಲ್ಲ ಇವತ್ತ?’ ಎಂದು ಕೇಳಬೇಕು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನು ಕಾಸಿ ಕೊಡಬೇಕು. ಹಾಡು, ಕಥೆ, ಬಣ್ಣ, ಅಂಕಿ ಕಲಿಸಬೇಕು. 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯ ಏರ್ಪಾಡು ಆಯಿತು. ಮಧ್ಯಾಹ್ನದ ಮೇಲೆ ಮನೆಭೇಟಿ. ಅದರ ನಡುವೆ ದಾಖಲೆಗಳು. 2021ರಿಂದ ಈ ದಾಖಲೆಯನ್ನು ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿಯೂ ತುಂಬಬೇಕು. ಹಳ್ಳಿಯಲ್ಲಿ ಸಿಗ್ನಲ್ ಸಿಗದಿದ್ದರೆ ಮಾಳಿಗೆ ಹತ್ತಿ ನಿಲ್ಲಬೇಕು!

ಇಷ್ಟೇ ಅಲ್ಲ. ಈ ವೃತ್ತಿಯಲ್ಲಿ ಕಣ್ಣಿಗೆ ಕಾಣದ ಒಂದು ವಿದ್ಯೆಯಿದೆ. ಪ್ರತಿ ತಿಂಗಳೂ ಅವರು ಮಗುವಿನ ತೂಕ ನೋಡಿ ಬೆಳವಣಿಗೆಯ ಪಟ್ಟಿಯಲ್ಲಿ ಒಂದು ಚುಕ್ಕೆ ಇಡುತ್ತಾರೆ. ಒಂದು ಚುಕ್ಕೆಯಿಂದ ಏನೂ ತಿಳಿಯದು. ಮೂರು ತಿಂಗಳ ಮೂರು ಚುಕ್ಕೆಗಳನ್ನು ಸೇರಿಸಿದಾಗ ಗೆರೆ ಮೇಲೆ ಹೋಗುತ್ತಿದೆಯೇ, ಮಲಗಿದೆಯೇ, ಇಳಿಯುತ್ತಿದೆಯೇ ಎಂದು ಗೊತ್ತಾಗುತ್ತದೆ. ಹೆತ್ತ ತಾಯಿ ದಿನವೂ ಮಗುವನ್ನು ನೋಡುತ್ತಿರುತ್ತಾಳೆ. ಆದ್ದರಿಂದಲೇ ಅದು ಮೆಲ್ಲಮೆಲ್ಲನೆ ಸೊರಗುವುದು ಅವಳಿಗೆ ತಿಳಿಯುವುದಿಲ್ಲ. ಅಕ್ಕಪಕ್ಕದ ಮಕ್ಕಳೂ ಹಾಗೆಯೇ ಸಣ್ಣಗಿದ್ದರೆ ಅದೇ ಸಹಜವೆನಿಸಿಬಿಡುತ್ತದೆ. ಅಕ್ಕೋರ ಬಳಿ ತೋಳಿನ ಸುತ್ತಳತೆ ನೋಡುವ ಒಂದು ಪುಟ್ಟ ಪಟ್ಟಿಯಿರುತ್ತದೆ. 6 ತಿಂಗಳಿನಿಂದ 5 ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಆ ಮಗುವಿನ ಪ್ರಾಣಕ್ಕೇ ಅಪಾಯವಿದೆ ಎಂದರ್ಥ. ಕೂಡಲೇ ಆಸ್ಪತ್ರೆಗೆ ತೋರಿಸಬೇಕು, ಬೇಕಾದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು.

ಸೇರಿಸಬೇಕು ಎಂದು ಹೇಳುವುದು ಸುಲಭ. ಅಲ್ಲಿ ತಾಯಿ ಎರಡು ವಾರ ಮಗುವಿನ ಜೊತೆ ಇರಬೇಕಾಗುತ್ತದೆ. ಅವಳ ಕೂಲಿ ಏನಾಗಬೇಕು? ಮನೆಯಲ್ಲಿರುವ ಇನ್ನಿಬ್ಬರು ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು? ‘ನಮ್ಮ ಮನ್ಯಾಗ ಎಲ್ಲಾ ಕೂಸೂ ಹಿಂಗೇ ಇದ್ದವ, ದವಾಖಾನಿ ಯಾಕ?’ ಎಂದು ಅತ್ತೆ ಅಡ್ಡ ಬಂದರೆ? ಗಂಡ ಊರಲ್ಲಿಲ್ಲದಿದ್ದರೆ? ತಾಯಿಯೇ ಇನ್ನೂ ಎಳೆಯ ಹುಡುಗಿಯಾಗಿದ್ದು, ಮಾತನಾಡಲು ಹೆದರುತ್ತಿದ್ದರೆ? ಅಕ್ಕೋರು ಒಂದು ಸಲ ಹೋಗುತ್ತಾರೆ, ಎರಡು ಸಲ ಹೋಗುತ್ತಾರೆ, ಮೂರನೆಯ ಸಲ ಅತ್ತೆಯ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಾ ಮಾತನಾಡುತ್ತಾರೆ. ಗದರಿಸಿದರೆ ಬಾಗಿಲು ಮುಚ್ಚಿಹೋಗುತ್ತದೆ, ಸುಮ್ಮನಿದ್ದರೆ ಮಗು ಕೈತಪ್ಪುತ್ತದೆ. ಈ ಎರಡರ ನಡುವಿನ ಸಣ್ಣ ದಾರಿಯಲ್ಲಿ ನಡೆಯುವುದೇ ಅವರ ವೃತ್ತಿಯ ಜಾಣ್ಮೆ. ಈ ಕೆಲಸಕ್ಕೆ ಅದೇ ಊರಿನ ನಿವಾಸಿಯೇ ಆಗಬೇಕೆಂಬ ನಿಯಮ ಇರುವುದೂ ಇದಕ್ಕಾಗಿಯೇ. ಹೊರಗಿನವರಿಗೆ ತೆರೆಯದ ಬಾಗಿಲು ಊರ ಮಗಳಿಗೆ, ಊರ ಸೊಸೆಗೆ ತೆರೆಯುತ್ತದೆ.

ಈ ಕೆಲಸ ಎಷ್ಟು ತುರ್ತಿನದೆಂದು ತಿಳಿಯಬೇಕಾದರೆ ಒಂದೆರಡು ಲೆಕ್ಕ ನೋಡಬೇಕು. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಅಂಥ ಮಕ್ಕಳು ಅರ್ಧಕ್ಕಿಂತಲೂ ಹೆಚ್ಚು. ಪಕ್ಕದ ರಾಯಚೂರು ಜಿಲ್ಲೆಯಿಂದ ಅಪೌಷ್ಟಿಕತೆಯ ಸಾವುಗಳ ಸುದ್ದಿ ಬಂದಾಗ ಉಚ್ಚ ನ್ಯಾಯಾಲಯವೇ ಮಧ್ಯೆ ಬಂದು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ 2012ರಲ್ಲಿ ಪರಿಹಾರದ ದಾರಿ ಸೂಚಿಸಬೇಕಾಯಿತು. ಈ ಮಾತುಗಳನ್ನು ಯಾದಗಿರಿ, ರಾಯಚೂರಿನ ತಾಯಂದಿರನ್ನು ಹಳಿಯಲು ಹೇಳುತ್ತಿಲ್ಲ. ಎತ್ತರ ಬೆಳೆಯದ ಮಗು ತಾಯಿಯ ಅಲಕ್ಷ್ಯದ ಗುರುತಲ್ಲ. ಗರ್ಭ ಕಟ್ಟಿದ ದಿನದಿಂದ ಎರಡನೆಯ ಹುಟ್ಟುಹಬ್ಬದವರೆಗೆ ಸುಮಾರು 1000 ದಿನಗಳು. ಆ ದಿನಗಳಲ್ಲಿ ತಾಯಿ ಅರೆಹೊಟ್ಟೆಯಲ್ಲಿ ದುಡಿದಿದ್ದಾಳೆ, ರಕ್ತಹೀನಳಾಗಿದ್ದಾಳೆ, ನೀರು ಶುದ್ಧವಿರಲಿಲ್ಲ, ಮಗುವಿಗೆ ಮೇಲಿಂದ ಮೇಲೆ ಬೇಧಿಯಾಗಿದೆ ಎಂಬುದರ ಗುರುತು ಅದು. ಆ 1000 ದಿನ ಕಳೆದುಹೋದರೆ ಆಮೇಲೆ ಎಷ್ಟು ಉಣಿಸಿದರೂ ಕಳೆದದ್ದೆಲ್ಲ ಪೂರ್ತಿಯಾಗಿ ಮರಳಿ ಬರುವುದಿಲ್ಲ.

ಈಗ ಗುಳೆಯ ವಿಷಯಕ್ಕೆ ಮರಳೋಣ. ಊರಲ್ಲಿದ್ದಾಗ ಮಗುವಿನ ಹೆಸರು ಅಕ್ಕೋರ ಪುಸ್ತಕದಲ್ಲಿತ್ತು. ಮೊಟ್ಟೆ, ಪುಷ್ಟಿ ಹಿಟ್ಟು, ಚುಚ್ಚುಮದ್ದು ಎಲ್ಲವೂ ಆ ಹೆಸರಿನ ಮುಂದಿದ್ದವು. ಒಂದು ರಾತ್ರಿ ಕುಟುಂಬ ಬಸ್ಸು ಹತ್ತಿತು. ಮರುದಿನ ಬೆಂಗಳೂರಿನ ಯಾವುದೋ ಬಡಾವಣೆಯ ತಗಡಿನ ಶೆಡ್ಡು. ತಾಯಿ ಇಟ್ಟಿಗೆ ಹೊರುತ್ತಾಳೆ, ಕೂಸು ಮರಳಿನ ರಾಶಿಯ ಮೇಲೆ ಮಲಗಿರುತ್ತದೆ. ಐದು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ಕಾಯುತ್ತಾಳೆ. ಅಲ್ಲಿಯ ಅಂಗನವಾಡಿಗೆ ಈ ಮಗು ಬಂದದ್ದೇ ತಿಳಿಯದು. ಇಲ್ಲಿಯ ಅಂಗನವಾಡಿಗೆ ಅದು ಎಲ್ಲಿಗೆ ಹೋಯಿತೆಂದು ತಿಳಿಯದು. ಎರಡು ಪುಸ್ತಕಗಳ ನಡುವೆ ಒಂದು ಕೂಸು ಕಳೆದುಹೋಗುತ್ತದೆ. ನಾವು ಭಯಪಡಬೇಕಾದದ್ದು ಇದಕ್ಕೆ. ಹೆರೋದನು ಕತ್ತಿ ಹಿಡಿದು ಬಂದರೆ ಊರೆಲ್ಲ ಕೂಗುತ್ತದೆ. ಆದರೆ ಹೀಗೆ ಸದ್ದಿಲ್ಲದೆ ಲೆಕ್ಕದಿಂದ ಜಾರಿಹೋಗುವ ಕೂಸಿಗಾಗಿ ಕೂಗುವವರಿಲ್ಲ.

ಒಳ್ಳೆಯ ಅಕ್ಕೋರು ಇಲ್ಲಿಯೂ ಎಚ್ಚರವಾಗಿರುತ್ತಾರೆ. ಯಾರ ಮನೆಯಲ್ಲಿ ಗಂಟು ಕಟ್ಟುತ್ತಿದ್ದಾರೆಂದು ಮೊದಲೇ ತಿಳಿದುಕೊಂಡು ತಾಯಿ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳುತ್ತಾರೆ. ಮುಂದಿನ ಚುಚ್ಚುಮದ್ದು ಯಾವ ತಾರೀಖಿಗೆಂದು ಬರೆದುಕೊಡುತ್ತಾರೆ. ‘ಹೋದಲ್ಲೆಲ್ಲ ಅಂಗನವಾಡಿ ಇರ್ತದ, ಕೇಳ್ರಿ, ನಾಚಬ್ಯಾಡ್ರಿ’ ಎಂದು ಧೈರ್ಯ ತುಂಬುತ್ತಾರೆ. ಅವರು ಹೇಳುವುದು ಬರೀ ಸಮಾಧಾನದ ಮಾತಲ್ಲ, ಅದಕ್ಕೆ ಕಾನೂನಿನ ಬಲವಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 6 ತಿಂಗಳಿನಿಂದ 6 ವರ್ಷದವರೆಗಿನ ಮಕ್ಕಳಿಗೂ ಗರ್ಭಿಣಿ ಬಾಣಂತಿಯರಿಗೂ ಅಂಗನವಾಡಿಯ ಆಹಾರವನ್ನು ಹಕ್ಕಾಗಿ ಕೊಟ್ಟಿದೆ. ಅದಕ್ಕೂ ಮೊದಲೇ, 2006ರ ಡಿಸೆಂಬರ್‌ನಲ್ಲಿ, ಸರ್ವೋಚ್ಚ ನ್ಯಾಯಾಲಯ ಒಂದು ಮಹತ್ವದ ಆದೇಶ ನೀಡಿತು. 6 ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿಯವರಾಗಲಿ ಕೊಳೆಗೇರಿಯವರಾಗಲಿ ಬೇಡಿಕೆ ಸಲ್ಲಿಸಿದರೆ 3 ತಿಂಗಳೊಳಗೆ ಅಲ್ಲಿ ಅಂಗನವಾಡಿ ತೆರೆಯಬೇಕು ಎಂದು ಅದು ಹೇಳಿತು. 2023ರಿಂದ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ತೆರೆಯತೊಡಗಿದವು. ಹಕ್ಕೂ ಇದೆ, ಏರ್ಪಾಡೂ ಇದೆ. ಆ ಶೆಡ್ಡಿನ ತಾಯಿಗೂ ಆ ಬಾಗಿಲಿಗೂ ನಡುವೆ ಕೈಹಿಡಿದು ಕರೆದೊಯ್ಯುವ ಒಬ್ಬರು ಬೇಕು, ಅಷ್ಟೇ.

ಪ್ರಿಯ ಸಹೋದರ ಸಹೋದರಿಯರೇ, ಇಷ್ಟೆಲ್ಲ ಹೊಣೆ ಹೊತ್ತವರಿಗೆ ಸಮಾಜ ಕೊಟ್ಟದ್ದೇನು? 1975ರಲ್ಲಿ ಹತ್ತನೆಯ ತರಗತಿ ಪಾಸಾಗದ ಕಾರ್ಯಕರ್ತೆಗೆ ತಿಂಗಳಿಗೆ 100 ರೂಪಾಯಿ, ಪಾಸಾದವರಿಗೆ 150 ರೂಪಾಯಿ, ಸಹಾಯಕಿಗೆ 35 ರೂಪಾಯಿ. ಅದಕ್ಕೆ ಸಂಬಳವೆಂಬ ಹೆಸರನ್ನೂ ಕೊಡಲಿಲ್ಲ, ‘ಗೌರವಧನ’ ಎಂದರು. ಈಗ ಮೊತ್ತ ಹೆಚ್ಚಿದೆ, ರಾಜ್ಯ ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ. ಆದರೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ದರ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ. ಹೆಸರು ಇಂದಿಗೂ ಗೌರವಧನವೇ. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ, ಇವರು ಸರ್ಕಾರದ ಹುದ್ದೆಯಲ್ಲಿರುವವರಲ್ಲ ಎಂದು ತೀರ್ಪು ನೀಡಿತು. ಹದಿನಾರು ವರ್ಷಗಳ ನಂತರ, 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇವರಿಗೆ ಗ್ರಾಚ್ಯುಟಿ ಪಡೆಯುವ ಹಕ್ಕಿದೆ ಎಂದು ಹೇಳಿತು. ಮೂವತ್ತು ವರ್ಷ ಊರಿನ ಮಕ್ಕಳನ್ನು ಸಾಕಿ ನಿವೃತ್ತಿಯಾಗುವ ತಾಯಿ ಬರಿಗೈಯಲ್ಲಿ ಮನೆಗೆ ಹೋಗಬಾರದು ಎಂಬ ಸರಳ ನ್ಯಾಯಕ್ಕೆ ಇಷ್ಟು ಕಾಲ ಹಿಡಿಯಿತು.

ಇದು ರಾಜಕೀಯದ ಮಾತು, ದೇವಾಲಯದಲ್ಲಿ ಏಕೆ ಎಂದು ಯಾರೂ ಕೇಳಬೇಡಿ. ಈ ಹಬ್ಬದ ಚರಿತ್ರೆಯನ್ನೇ ನೋಡಿ. ಪವಿತ್ರ ಕುಟುಂಬದ ಹಬ್ಬವನ್ನು 1893ರಲ್ಲಿ ಸ್ಥಾಪಿಸಿದವರು ಜಗದ್ಗುರು ಹದಿಮೂರನೆಯ ಲಿಯೋರವರು. 1921ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಅದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಅದೇ ಹದಿಮೂರನೆಯ ಲಿಯೋರವರು ಹಬ್ಬವನ್ನು ಸ್ಥಾಪಿಸುವುದಕ್ಕೆ ಎರಡು ವರ್ಷ ಮೊದಲು, 1891ರಲ್ಲಿ, ಕಾರ್ಮಿಕರ ಪರವಾಗಿ ‘ರೇರುಂ ನೋವಾರುಂ’ ಎಂಬ ವಿಶ್ವಪತ್ರವನ್ನು ಬರೆದಿದ್ದರು. ದುಡಿಯುವವನಿಗೆ ಕುಟುಂಬ ಸಾಕುವಷ್ಟು ನ್ಯಾಯವಾದ ಕೂಲಿ ಸಲ್ಲಬೇಕೆಂಬುದು ಅದರ ತಿರುಳಿನಲ್ಲೊಂದು. ನ್ಯಾಯವಾದ ಕೂಲಿಯ ಬಗ್ಗೆ ಬರೆದ ಕೈಯೇ ಪವಿತ್ರ ಕುಟುಂಬಕ್ಕೆ ಹಬ್ಬವನ್ನೂ ಕೊಟ್ಟಿತು. ಇವೆರಡೂ ಬೇರೆಬೇರೆ ಎಂದು ತಿಳಿಯಬಾರದು. ಬಡಗಿ ಜೋಸೆಫರ ಮನೆಯ ದೀಪ ಉರಿದದ್ದು ಅವರ ಕೂಲಿಯಿಂದ. ಬೇರೆಯವರ ಕೂಸು ಕಾಯುವ ಅಕ್ಕೋರ ಮನೆಯಲ್ಲಿಯೂ ಕೂಸುಗಳಿವೆ.

ಹಾಗಾದರೆ ಈ ಹಬ್ಬದಂದು ಧರ್ಮಕೇಂದ್ರದ ಕುಟುಂಬಗಳಾಗಿ ನಾವು ಏನು ಮಾಡಬಹುದು? ಮೂರು ವಿಷಯಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ಮೊದಲನೆಯದು, ನಮ್ಮ ಓಣಿಯ ಅಂಗನವಾಡಿಯನ್ನು ನಮ್ಮದೆಂದು ತಿಳಿಯೋಣ. ‘ಅದು ಬಡವರ ಮಕ್ಕಳಿಗೆ’ ಎನ್ನುವ ಮಾತನ್ನು ಬಿಡೋಣ. ಅಲ್ಲಿಯ ಅಕ್ಕೋರ ಹೆಸರು ನಮಗೆ ಗೊತ್ತಿರಲಿ. ಹಬ್ಬದ ದಿನ ಎಷ್ಟೋ ಜನರನ್ನು ಮನೆಗೆ ಕರೆಯುತ್ತೇವೆ, ಅವರನ್ನೂ ಸಹಾಯಕಿಯನ್ನೂ ಕರೆಯೋಣ. ಅಲ್ಲಿ ನೀರಿನ ನಲ್ಲಿ ಕೆಟ್ಟಿದೆಯೇ, ತೂಕದ ಯಂತ್ರ ಕೆಟ್ಟಿದೆಯೇ, ಮಾಳಿಗೆ ಸೋರುತ್ತಿದೆಯೇ ಎಂದು ಕೇಳಿ, ಪಂಚಾಯಿತಿಗೆ ಅರ್ಜಿ ಬರೆಯುವಾಗ ಅವರ ಜೊತೆ ನಮ್ಮ ಸಹಿಯೂ ಇರಲಿ.

ಎರಡನೆಯದು, ಗುಳೆ ಬಂದ ಕುಟುಂಬಗಳ ವಿಷಯ. ನಮ್ಮ ಓದುಗರಲ್ಲಿ ಅನೇಕರು ನಗರಗಳಲ್ಲಿದ್ದೀರಿ. ನಿಮ್ಮ ಬೀದಿಯ ಕೊನೆಯಲ್ಲಿ ಹೊಸ ಕಟ್ಟಡ ಏಳುತ್ತಿರಬಹುದು. ಅದರ ಪಕ್ಕದ ಶೆಡ್ಡಿನಲ್ಲಿ ಸುರಪುರದ, ಶಹಾಪುರದ, ಯಾದಗಿರಿಯ ಒಂದು ಕುಟುಂಬ ಇರಬಹುದು. ಹಳೆಯ ಬಟ್ಟೆ ಕೊಟ್ಟು ಬರುವುದು ಸುಲಭ. ಅದಕ್ಕಿಂತ ಹೆಚ್ಚಿನದನ್ನು ಮಾಡಿರಿ. ‘ಎಲ್ಲಿಂದ ಬಂದ್ರಿ ಅವ್ವ? ಕೂಸಿಗೆ ಎಷ್ಟು ತಿಂಗಳು?’ ಎಂದು ಕೇಳಿರಿ. ಹತ್ತಿರದ ಅಂಗನವಾಡಿ ಎಲ್ಲಿದೆಯೆಂದು ತಿಳಿದುಕೊಂಡು ಆ ತಾಯಿಯನ್ನು ಒಂದು ದಿನ ಜೊತೆಯಲ್ಲಿ ಕರೆದುಕೊಂಡು ಹೋಗಿರಿ. ಒಂದು ವಾರ ಬಿಟ್ಟು ಮತ್ತೆ ವಿಚಾರಿಸಿರಿ. ಮಕ್ಕಳು 40ಕ್ಕೂ ಹೆಚ್ಚಿದ್ದು ಹತ್ತಿರದಲ್ಲಿ ಅಂಗನವಾಡಿಯೇ ಇಲ್ಲದಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ ಬೇಡಿಕೆ ಬರೆಯಲು ಆ ಜನರಿಗೆ ನೆರವಾಗಿರಿ. ವಿನ್ಸೆಂಟ್ ದೆ ಪಾಲ್ ಸಭೆ, ಯುವಜನರ ಸಂಘ, ಮಹಿಳಾ ಸಂಘ, ಕಿರು ಕ್ರೈಸ್ತ ಸಮುದಾಯಗಳು ಈ ಕೆಲಸವನ್ನು ಹಂಚಿಕೊಳ್ಳಬಹುದು. ಯಾವ ಜಾತಿ, ಯಾವ ಧರ್ಮ ಎಂದು ಕೇಳುವ ಅಗತ್ಯವೇ ಇಲ್ಲ. ಈಜಿಪ್ಟಿನ ಆ ನೆರೆಯವರು ಯೇಸುಕಂದನ ಧರ್ಮ ಯಾವುದೆಂದು ಕೇಳಿದ್ದರೆ ಏನಾಗುತ್ತಿತ್ತು?

ಮೂರನೆಯದು, ಯುವಕ ಯುವತಿಯರೇ, ಅವರ ತಂದೆತಾಯಂದಿರೇ, ಇದು ನಿಮಗೆ. ಮಗಳು ನರ್ಸಿಂಗ್ ಓದಿ ವಿದೇಶಕ್ಕೆ ಹೋಗಲಿ, ಮಗ ಇಂಜಿನಿಯರ್ ಆಗಲಿ ಎಂದು ಆಸೆಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಎಳೆಯ ಮಕ್ಕಳಿರುವ ಬಡ ಕುಟುಂಬಗಳ ಜೊತೆ ದುಡಿಯುವುದು ಕೂಡ ಒಂದು ವೃತ್ತಿ, ಒಂದು ಕರೆ. ಅಂಗನವಾಡಿ ಕಾರ್ಯಕರ್ತೆಯಾಗಲು ಈಗ ಪಿಯುಸಿ ಬೇಕು, ಸಹಾಯಕಿಯಾಗಲು ಎಸ್.ಎಸ್.ಎಲ್.ಸಿ. ಪದವಿ ಪಡೆದವರು ಪರೀಕ್ಷೆ ಬರೆದು ಮೇಲ್ವಿಚಾರಕಿಯಾಗಬಹುದು. ಸಮಾಜಕಾರ್ಯ ಓದಿದವರಿಗೆ, ಪೌಷ್ಟಿಕ ಆಹಾರ ಶಾಸ್ತ್ರ ಓದಿದವರಿಗೆ, ಆರೋಗ್ಯ ಸಹಾಯಕಿಯರಿಗೆ ಈ ಹೊಲದಲ್ಲಿ ಕೆಲಸವಿದೆ. ಹಣ ಕಡಿಮೆ, ದಣಿವು ಹೆಚ್ಚು, ಇದನ್ನು ಮುಚ್ಚಿಡುವುದಿಲ್ಲ. ಇದರ ಫಲವೂ ಬೇಗ ಕಾಣುವುದಿಲ್ಲ. ಉಳಿದ ಕೂಸು ತಾನು ಉಳಿದದ್ದು ಯಾರಿಂದ ಎಂದು ತಿಳಿಯದೆಯೇ ಬೆಳೆದುಬಿಡುತ್ತದೆ. ಆದರೆ ಇಪ್ಪತ್ತು ವರ್ಷ ಕಳೆದ ಮೇಲೆ ಸಂತೆಯಲ್ಲಿ ಒಬ್ಬ ಗಟ್ಟಿಮುಟ್ಟಾದ ಹುಡುಗ ಎದುರಾದಾಗ, ‘ಇವನ ತೋಳು ಒಂದು ಕಾಲಕ್ಕೆ ನನ್ನ ಹೆಬ್ಬೆರಳಿನಷ್ಟಿತ್ತು’ ಎಂದು ಮನಸ್ಸಿನಲ್ಲೇ ನೆನೆದು ನಗುವ ಸಂತೋಷ ಬೇರೆ ಎಷ್ಟು ಉದ್ಯೋಗಗಳಲ್ಲಿದೆ?

ಸಂತ ಜೋಸೆಫರು ಶುಭಸಂದೇಶದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಅವರು ಮಾಡಿದ್ದು ಇಷ್ಟೇ: ಎದ್ದರು, ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಹೊರಟರು. ಅಪಾಯ ಕಳೆದ ಮೇಲೆ ಮತ್ತೆ ಎದ್ದರು, ಮತ್ತೆ ಕರೆದುಕೊಂಡು ಬಂದು ನಜರೇತಿನಲ್ಲಿ ನೆಲೆ ಮಾಡಿದರು. ಜಗತ್ತಿನ ರಕ್ಷಕರನ್ನು ರಕ್ಷಿಸಿದ್ದು ಹೀಗೆ ಮತ್ತೆ ಮತ್ತೆ ಎದ್ದು ನಿಂತ ಒಬ್ಬ ದುಡಿಮೆಗಾರ. ಒಂದು ಎಳೆಯ ಜೀವವನ್ನು ಉಳಿಸುವುದು ಒಂದು ದಿನದ ದೊಡ್ಡ ದಾನವಲ್ಲ. ಹೆಸರು ನೆನಪಿಟ್ಟುಕೊಂಡು ನಾಳೆಯೂ ಬರುವ, ನಾಡಿದ್ದೂ ಬರುವ ಒಬ್ಬರ ನಿಷ್ಠೆಯೇ ಅದನ್ನು ಉಳಿಸುತ್ತದೆ.

ಬನ್ನಿ, ಪ್ರಾರ್ಥಿಸೋಣ. ಗುಳೆ ಹೊರಟ ತಂದೆತಾಯಂದಿರಿಗಾಗಿ, ಅವರ ಕಂಕುಳಲ್ಲಿರುವ ಕೂಸುಗಳಿಗಾಗಿ, ಆ ಕೂಸುಗಳನ್ನು ಹೆಸರು ಹಿಡಿದು ಕರೆಯುವ ಎಲ್ಲ ಅಕ್ಕೋರುಗಳಿಗಾಗಿ, ಒಲೆಯ ಮುಂದೆ ಬೆವರುವ ಸಹಾಯಕಿಯರಿಗಾಗಿ. ಅವರಿಗೆ ನ್ಯಾಯವಾದ ಕೂಲಿಯೂ ಗೌರವವೂ ಸಿಗಲಿ. ನಮ್ಮ ಮನೆಯ ಬಾಗಿಲು ತಟ್ಟುವ ಪ್ರತಿಯೊಂದು ಕುಟುಂಬದಲ್ಲಿಯೂ ಬೆತ್ಲೆಹೇಮಿನಿಂದ ಹೊರಟ ಆ ಕುಟುಂಬವನ್ನು ಗುರುತಿಸುವ ಕಣ್ಣನ್ನು ಪ್ರಭು ನಮಗೆ ಕೊಡಲಿ.

ಯೇಸು, ಮರಿಯ, ಜೋಸೆಫರು ನಿಮ್ಮ ಕುಟುಂಬಗಳನ್ನು ಕಾಪಾಡಲಿ. ಆಮೆನ್.